ಎಲೆಯುದುರುವ ಕಾಡು, ಬದಲಾಗುವ ಬೆಳಕು

ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್‌ಗಳದು ಬಹುಮಟ್ಟಿಗೆ ಸುಣ್ಣಕಲ್ಲಿನ ಬಯಲಾದ್ದರಿಂದ, ಕಲಬುರಗಿ ಜಿಲ್ಲೆಯಲ್ಲಿ ಬೆಟ್ಟಗಾಡಿನ ಛಾಯಾಗ್ರಹಣಕ್ಕೆ ಚಿಂಚೋಳಿಯತ್ತಲೇ ಹೊರಳಬೇಕಾಗುತ್ತದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಇಲ್ಲಿನ ಕಾಡು ಎಲೆಯುದುರುವ ಬಗೆಯದು, ಅಂದರೆ ಒಣಗಾಲದ ನೀರಿನ ಅಭಾವವನ್ನು ತಾಳಿಕೊಳ್ಳಲು ಮರಗಳು ಎಲೆ ಕಳಚುವಂಥದು. ತಂಪು ದೇಶಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುವ ಎಲೆಬಣ್ಣ ಹೀಗಾಗಿ ಇಲ್ಲಿ ಬೇಸಿಗೆಯ ಹೊಸ್ತಿಲಿಗೆ ಸರಿಯುತ್ತದೆ. ಪತ್ರಹರಿತ್ತು, ಎಂದರೆ ಎಲೆಯ ಹಸಿರು ದ್ರವ್ಯ, ಒಡೆದುಹೋದಾಗ ಅಡಗಿದ್ದ ಹಳದಿ ಮೇಲೆ ಬರುತ್ತದೆ. ಆದರೆ ಈ ಕಾಡಿಗೆ ಕೆಂಡದ ಬಣ್ಣ ತರುವುದು ಎಲೆಯಲ್ಲ, ಎಲೆಯಿಲ್ಲದ ಕೊಂಬೆಯಲ್ಲಿ ಅರಳುವ ಮುತ್ತುಗದ ಹೂವು.

ಸೂರ್ಯ ಕೆಳಗಿರುವಾಗ ಕಿರಣಗಳು ವಾತಾವರಣದಲ್ಲಿ ಹೆಚ್ಚು ದೂರ ಸಾಗಿ, ನೀಲಿ ಚದುರಿ ಹೊಂಬಣ್ಣ ಉಳಿಯುವುದರಿಂದ, ಇದೇ ಕಾಡಿನ ಚಂದ್ರಂಪಳ್ಳಿ ಜಲಾಶಯದ ಸುತ್ತಲ ಗುಡ್ಡಗಳು ಬೆಳಗಿನ ಮತ್ತು ಸಂಜೆಯ ಕೆಲವೇ ನಿಮಿಷಗಳಲ್ಲಿ ರೂಪ ಬದಲಿಸುತ್ತವೆ. ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾದ ಇಚ್ಛೆಗೆ ಬಿಟ್ಟರೆ ಆ ಹೊನ್ನು ಮಾಸುವ ಸಂಭವವಿರುವುದರಿಂದ, ಅದನ್ನು ಹಗಲುಬೆಳಕಿಗೆ ನಿಲ್ಲಿಸುವುದೇ ಲೇಸು.

ವಾಡಿ, ಶಹಾಬಾದ್ ಕಡೆಯ ಗಣಿಗಳ ಬಿಳಿಚು ಕಲ್ಲಿನಲ್ಲಿ ತೊಡಕು ಬೇರೆ: ಬೆಳಕಿನ ಮಾಪಕವು ಕಂಡದ್ದನ್ನೆಲ್ಲ ನಡುವಣ ಬೂದುಬಣ್ಣವೆಂದು ಎಣಿಸುವುದರಿಂದ ಚಿತ್ರ ಕಪ್ಪಿಡುತ್ತದೆ, ಆಗ ಬೆಳಕನ್ನು ತುಸು ಕೈಯಾರೆ ಹೆಚ್ಚಿಸಬೇಕಾಗುತ್ತದೆ.