ಸಸ್ಯಗಳ ಲ್ಯಾಟಿನ್ ನಾಮಗಳು: ಅರ್ಥವೂ ಉಚ್ಚಾರವೂ

ಹುಣಿಸೆಮರವನ್ನು ಹುಣಿಸೆಮರವೆಂದರೆ ಸಾಲದೆ, ಯಾರೂ ಆಡದ ಭಾಷೆಯ ಹೆಸರನ್ನು ನಮ್ಮ ಮಕ್ಕಳಿಂದ ಏಕೆ ಬಾಯಿಪಾಠ ಮಾಡಿಸುತ್ತೀರಿ ಎಂದು ತಂದೆತಾಯಿಗಳಲ್ಲಿ ಕೆಲವರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಅರ್ಥವರಿಯದ ಗಿಳಿಪಾಠವು ವ್ಯರ್ಥವೆಂದು ನಾನೂ ಹೇಳುವೆನು.

ಕೈಗೆ ಬಣ್ಣ ಕಟ್ಟುವ ಎಲೆಯನ್ನು ಗೋರಂಟಿಯೆನ್ನುವವರೂ ಮದರಂಗಿಯೆನ್ನುವವರೂ ಇದ್ದಾರೆ. ಮುಳ್ಳುಗೋರಂಟೆಯಾದರೋ ಬೇರೆಯೇ ಗಿಡ. ಈ ಗೊಂದಲವನ್ನು ನೀಗಲು ಸ್ವೀಡನ್ ದೇಶದ ಲಿನ್ನೇಯಸನು 1753ರಲ್ಲಿ ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಗೊತ್ತುಮಾಡಿದನು. ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಕುಲದೊಳಗಿನ ಬಗೆಯ ಹೆಸರು.

ಈ ಹೆಸರುಗಳೆಲ್ಲವೂ ಪರಕೀಯವಾದವುಗಳಲ್ಲ. ಅಡಕೆಯು ‘ಅರೆಕ ಕಟೆಚು’. ಕನ್ನಡದ ಅಡಕೆ, ಮಲೆಯಾಳದ ಅಡಕ್ಕ ಎಂಬ ಮಾತೇ ಪೋರ್ಚುಗೀಸರ ಬಾಯಲ್ಲಿ ಅರೆಕವಾಯಿತು. ಕಟೆಚು ಎಂಬುದು ನಮ್ಮ ಕಾಚಿಗೆ ಸಂಬಂಧಪಟ್ಟ ಮಾತು. ವೀಳ್ಯದ ತಟ್ಟೆಯಲ್ಲಿ ಅಡಕೆಯೊಡನಿರುವ ಕಾಚು ಅದರ ಹೆಸರಿನೊಳಗೂ ಸೇರಿಕೊಂಡಿದೆ! ಹುಣಿಸೆಯ ‘ತಮರಿಂಡುಸ್ ಇಂಡಿಕ’ದಲ್ಲಿ ಅರಬ್ಬರ ‘ತಮರ್ ಹಿಂದಿ’, ಅಂದರೆ ಹಿಂದೂದೇಶದ ಖರ್ಜೂರ, ಅಡಗಿದೆ. ಹೀಗೆ ಒಂದೇ ಹೆಸರಿನಲ್ಲಿ ನಮ್ಮ ದೇಶವು ಎರಡು ಸಲ ಬಂದರೂ ಮರದ ತವರು ಆಫ್ರಿಕ ಖಂಡ.

ಇನ್ನು ಉಚ್ಚಾರದ ಮಾತು. ಕನ್ನಡದಲ್ಲಿ ಓದಿ ಮುಂದೆ ಕಾಲೇಜಿಗೆ ಹೋದ ಹುಡುಗಿಯು, ಈ ಹೆಸರುಗಳನ್ನು ಇಂಗ್ಲಿಷರಂತೆ ನುಡಿಯಲಾರದೆ ನಗೆಗೀಡಾಗಿ, ತಿಳಿದ ಉತ್ತರವನ್ನೂ ಹೇಳದೆ ಸುಮ್ಮನೆ ಕುಳಿತಳೆಂದು ಕೇಳಿದಾಗ ನನಗೆ ವ್ಯಥೆಯಾಗುತ್ತದೆ. ನಗುವವರು ತಿಳಿಯಬೇಕಾದುದಿಷ್ಟು: ಲೋಕಕ್ಕೆಲ್ಲ ಒಂದೇ ಎಂಬ ಉಚ್ಚಾರವು ಇವಕ್ಕಿಲ್ಲ. ಕಡಲೆಯ ಕುಲನಾಮವನ್ನು ಇಂಗ್ಲಿಷರು ‘ಸೈಸರ್’ ಎನ್ನುವರು, ಇಟಲಿಯವರು ‘ಚಿಚೆರ್’ ಎನ್ನುವರು, ಪ್ರಾಚೀನ ರೋಮಿನವರು ‘ಕಿಕೆರ್’ ಎನ್ನುತ್ತಿದ್ದರು. ಅದರ ಎರಡನೆಯ ಪದವಾದ ‘ಅರಿಎಟೀನುಮ್’ ಎಂಬುದಕ್ಕೆ ಟಗರಿನಂಥದು ಎಂದರ್ಥ. ಕಡಲೆಕಾಳನ್ನು ಬೆರಳಲ್ಲಿ ಹಿಡಿದು ನೋಡಿರಿ, ಕೊಕ್ಕಿನಂತೆ ಬಾಗಿದ ಮೂತಿಯೊಡನೆ ಟಗರಿನ ತಲೆಯೇ ಕಾಣುವುದು.

ಲ್ಯಾಟಿನ್ ಸ್ವರಗಳನ್ನು ಅ, ಎ, ಇ, ಒ, ಉ ಎಂದು ನಮ್ಮ ಅಕ್ಷರಗಳಂತೆ ಓದಿದರೆ ಮೂಲಕ್ಕೆ ಸಮೀಪವಾಗುತ್ತದೆ. ಕೊನೆಯ ಸ್ವರವನ್ನು ನುಂಗಬಾರದು. ಶುಂಠಿಯು ‘ಜಿಂಗಿಬೆರ್ ಒಫ್ಫಿಸಿನಾಲೆ’, ಅಂದರೆ ಮದ್ದಿನ ಕೋಣೆಗೆ ಸೇರಿದ್ದು. ಒತ್ತು ಎಲ್ಲಿ ಬೀಳಬೇಕೆಂಬುದನ್ನು ಛಂದಸ್ಸು ಕಲಿತವರು ಸುಲಭವಾಗಿ ಅರಿಯುವರು. ಕೊನೆಯಿಂದ ಎರಡನೆಯ ಅಕ್ಷರವು ಗುರುವಾಗಿದ್ದರೆ ಒತ್ತು ಅದಕ್ಕೆ. ಲಘುವಾಗಿದ್ದರೆ ಅದಕ್ಕೂ ಹಿಂದಿನದಕ್ಕೆ. ಬಿತ್ತಿ ಬೆಳೆಯುವ ಭತ್ತದ ‘ಒರೀಜ ಸಟೀವ’ದಲ್ಲಿ ‘ಟೀ’ ಗುರು, ಒತ್ತು ಅಲ್ಲಿಯೇ. ‘ಇಂಡಿಕ’ದಲ್ಲಿ ‘ಡಿ’ ಲಘುವಾದುದರಿಂದ ಒತ್ತು ‘ಇಂ’ಗೆ ಸಲ್ಲುವುದು.

ಹಳೆಯ ವಿದ್ಯಾರ್ಥಿನಿಯರಿಗೆ ಇನ್ನೊಂದು ಮಾತು. ನೀವು ತುಲಸಿಗೆ ‘ಓಸಿಮುಮ್ ಸಾಂಕ್ಟುಮ್’ ಎಂದು ಕಲಿತಿದ್ದೀರಿ. ನಿಮ್ಮ ಮಕ್ಕಳ ಪುಸ್ತಕದಲ್ಲಿ ‘ಓಸಿಮುಮ್ ಟೆನುಇಫ್ಲೋರುಮ್’ ಎಂದಿದ್ದರೆ ಅದನ್ನು ಅಚ್ಚಿನ ದೋಷವೆಂದು ಭಾವಿಸಬೇಡಿರಿ. ಎರಡನ್ನೂ ಇಟ್ಟವನು ಲಿನ್ನೇಯಸನೇ. ಈಗಿನದನ್ನು 1753ರಲ್ಲಿಯೂ ನೀವು ಕಲಿತದ್ದನ್ನು 1767ರಲ್ಲಿಯೂ ಇಟ್ಟನು. ಮೊದಲು ಪ್ರಕಟವಾದ ಹೆಸರೇ ನಿಲ್ಲಬೇಕೆಂಬುದು ಸಸ್ಯಶಾಸ್ತ್ರಜ್ಞರ ನಿಯಮವಾದುದರಿಂದ, ‘ಪವಿತ್ರವಾದುದು’ ಎಂಬ ಹೆಸರು ಹಿಂದೆ ಸರಿದು ‘ನವುರಾದ ಹೂವುಳ್ಳದ್ದು’ ಎಂಬುದು ಊರ್ಜಿತವಾಗಿದೆ.