ಮನೆಯ ವಾಹನ ಯಾರ ಹೆಸರಿನಲ್ಲಿದೆ?

ತಂದೆಯ ಕಾರನ್ನು ಮಗನೂ, ಅಣ್ಣನ ಸ್ಕೂಟರನ್ನು ತಂಗಿಯೂ ಬಳಸುವುದು ನಮ್ಮ ಸಂಸಾರಗಳಲ್ಲಿ ಸಾಮಾನ್ಯವಾದ ಸಂಗತಿ. ಹಿರಿಯರು ಕಾಲವಾದ ಮೇಲೆಯೂ ಅವರ ಹೆಸರಿನಲ್ಲಿಯೇ ಓಡುವ ವಾಹನಗಳು ಹಲಸೂರಿನ ಹಳೆಯ ಮನೆಗಳಲ್ಲಿಯೂ ಉಂಟು, ಕೃಷ್ಣರಾಜಪುರದ ಹೊಸ ಬಡಾವಣೆಗಳಲ್ಲಿಯೂ ಉಂಟು. ಮನೆಯೊಳಗಿನ ಸೊತ್ತಿಗೆ ಕಾಗದಪತ್ರವೇಕೆಂಬ ಭಾವನೆಯೇ ಇದಕ್ಕೆ ಕಾರಣವು. ಈ ಉದಾಸೀನವು ಹಾನಿಕರವೆಂಬುದನ್ನು ನಮ್ಮ ವಾಚಕರು ಅರಿಯಬೇಕು.

ನೋಂದಣಿ ಪತ್ರದಲ್ಲಿ ಯಾರ ಹೆಸರಿರುವುದೋ ಅವರೇ ಕಾನೂನಿನ ದೃಷ್ಟಿಯಲ್ಲಿ ಒಡೆಯರು. ಕಾರೊಂದು ಹಲವರ ಕೈಗೆ ಮಾರಾಟವಾಗಿದ್ದರೂ, ದಾಖಲೆಯಲ್ಲಿ ಹೆಸರು ಉಳಿದಿದ್ದ ಮೊದಲ ಒಡೆಯನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ೨೦೧೮ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮಗನಿಗೆ ಪ್ರೀತಿಯಿಂದ ಕಾರು ಕೊಟ್ಟು ಹೆಸರನ್ನು ಬದಲಿಸದ ವೃದ್ಧ ತಂದೆಯ ಸ್ಥಿತಿಯೂ ಇಂಥದೇ.

ಒಡೆಯರು ಬದುಕಿರುವಾಗ ಕ್ರಮವು ಸುಲಭ. ಕೊಡುವವರು ೨೯ನೆಯ ನಮೂನೆಯನ್ನೂ, ಇಬ್ಬರೂ ಸೇರಿ ೩೦ನೆಯ ನಮೂನೆಯನ್ನೂ ಸಹಿಮಾಡಿ, ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರ, ವಿಳಾಸದ ದಾಖಲೆ ಇವುಗಳೊಡನೆ ಸಲ್ಲಿಸತಕ್ಕದ್ದು. ರಾಜ್ಯದೊಳಗಾದರೆ ೧೪ ದಿನಗಳ ಅವಧಿಯುಂಟು. ಇಂದಿರಾನಗರದ ಕೆ.ಎ. ೦೩ ಕಚೇರಿಯು ಈಗ ಕಸ್ತೂರಿನಗರದಲ್ಲಿರುವುದು, ಕೃಷ್ಣರಾಜಪುರದ್ದು ಕೆ.ಎ. ೫೩. ವಾಹನದ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ವಿಮೆಯನ್ನೂ ೧೪ ದಿನಗಳೊಳಗೆ ಹೊಸ ಒಡೆಯರ ಹೆಸರಿಗೆ ಬದಲಿಸಲು ಕೋರಬೇಕು.

ಒಡೆಯರು ಮರಣಹೊಂದಿದರೆ, ವಾಹನವನ್ನು ಬಳಸಬಯಸುವ ವಾರಸುದಾರರು ೩೦ ದಿನಗಳೊಳಗೆ ಕಚೇರಿಗೆ ಆ ವಿಷಯವನ್ನು ತಿಳಿಸಬೇಕು. ಹಾಗೆ ತಿಳಿಸಿದವರು ಮೂರು ತಿಂಗಳು ಅದನ್ನು ಬಳಸಬಹುದು. ಅಷ್ಟರೊಳಗೆ ೩೧ನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು. ಮರಣಪತ್ರ, ವಾರಸುದಾರಿಕೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಇವು ಸಿದ್ಧವಿದ್ದರೆ ಒಡಹುಟ್ಟಿದವರಲ್ಲಿ ಮನಸ್ತಾಪಕ್ಕೆ ಎಡೆಯಿರದು.

ತೆರಿಗೆಯ ಭಯದಿಂದ ಹಿಂಜರಿಯುವವರೂ ಉಂಟು. ಕರ್ನಾಟಕದಲ್ಲಿ ಸ್ವಂತ ಕಾರಿನ ಜೀವಾವಧಿ ತೆರಿಗೆಯನ್ನು ಮೊದಲ ನೋಂದಣಿಯಲ್ಲಿಯೇ ಕಟ್ಟಲಾಗಿರುವುದು. ರಾಜ್ಯದೊಳಗೆ ಹೆಸರು ಬದಲಾದ ಮಾತ್ರಕ್ಕೆ ಅದನ್ನು ಪುನಃ ಕಟ್ಟಬೇಕಾಗಿಲ್ಲ, ವರ್ಗಾವಣೆಯ ಶುಲ್ಕವೊಂದೇ. ತಂದೆತಾಯಿ, ಪತಿಪತ್ನಿ, ಒಡಹುಟ್ಟಿದವರು ದಾನವಾಗಿ ಕೊಟ್ಟರೆ ಪಡೆದವರಿಗೆ ಆದಾಯ ತೆರಿಗೆಯೂ ಇಲ್ಲ. ಪ್ರತ್ಯೇಕವಾಗಿದ್ದ ದಾನ ತೆರಿಗೆಯು ೧೯೯೮ರಲ್ಲಿಯೇ ನಿಂತುಹೋಯಿತು. ಆದರೆ ಚೆನ್ನೈಯಲ್ಲಿರುವ ಅಣ್ಣನು ಕೊಟ್ಟ ಕಾರಿನ ಮಾತು ಬೇರೆ. ಅದಕ್ಕೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು ತರಬೇಕು. ವಾಹನದ ವಯಸ್ಸಿಗನುಸಾರವಾಗಿ ಇಲ್ಲಿಯ ತೆರಿಗೆಯನ್ನೂ ತೆರಬೇಕು.

೨೦೨೧ರ ತಿದ್ದುಪಡಿಯಿಂದ ಒಡೆಯರು ತಮ್ಮ ಜೀವಿತಕಾಲದಲ್ಲಿಯೇ ನೋಂದಣಿ ಪತ್ರದಲ್ಲಿ ನಾಮನಿರ್ದೇಶನ ಮಾಡಬಹುದಾಗಿದೆ. ಬ್ಯಾಂಕಿನ ಪುಸ್ತಕಕ್ಕೆ ತೋರುವ ಎಚ್ಚರವನ್ನು ಗೃಹಸ್ಥರು ವಾಹನದ ವಿಷಯದಲ್ಲಿಯೂ ತೋರಲಿ. ದುಃಖದ ದಿನಗಳಲ್ಲಿ ಮನೆಯವರು ಕಚೇರಿಗಳಿಗೆ ಅಲೆಯುವ ಕಷ್ಟವು ಅದರಿಂದ ಬಹುಮಟ್ಟಿಗೆ ತಪ್ಪುವುದು.