ಕಾವಲುಗಾರನ ಡೈರಿ ಹರಿಯುವ ಮುನ್ನ

ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಲ್ಲೇ ತಲೆಯೆತ್ತಿದ ಊರು ಹಾಸನ. ಆಕಾಶಕ್ಕೆ ಕಣ್ಣಿಟ್ಟ ಈ ಜಿಲ್ಲೆಗೆ ಇಂದು ನೆಲದ ಮೇಲಿನ ಕಾವಲೂ ಬೇಕಾಗಿದೆ. ಹೊಳೆನರಸೀಪುರದ ಕಚೇರಿಯಿರಲಿ, ಅರಕಲಗೂಡಿನ ಕಾಲೇಜಿರಲಿ, ಚನ್ನರಾಯಪಟ್ಟಣದ ಅಂಗಡಿಯಿರಲಿ, ಇಂಟರ್‌ನೆಟ್ಟಿಗೆ ನೇರವಾಗಿ ತೆರೆದುಕೊಂಡ ಗಣಕಯಂತ್ರದ ಬಾಗಿಲನ್ನು ಯಾರೋ ಹಗಲೂ ರಾತ್ರಿ ತಟ್ಟುತ್ತಲೇ ಇರುತ್ತಾರೆ. ತಟ್ಟುವವರಲ್ಲಿ ಹೆಚ್ಚಿನವರು ಮನುಷ್ಯರಲ್ಲ, ಎಲ್ಲೋ ದೂರದಲ್ಲಿರುವ ಯಂತ್ರಗಳು!

ಅವನ್ನು ತಡೆಯುವ ಕಾವಲುಗಾರನೇ ಫೈರ್‌ವಾಲ್. ಯಾವ ವಿಳಾಸದಿಂದ, ಎಷ್ಟು ಹೊತ್ತಿಗೆ, ಯಾವ ಬಾಗಿಲಿಗೆ ಬಂದರು ಎಂದು ಅವನು ಬರೆದಿಡುವ ಡೈರಿಯೇ ಲಾಗ್ ಕಡತ. ಬರೆಯುತ್ತ ಬರೆಯುತ್ತ ಡಿಸ್ಕ್ ತುಂಬಿತೆಂದರೆ ಬಿಲ್ಲು ಹಾಕುವ ಕೆಲಸವೂ ನಿಂತೀತು.

ಲಿನಕ್ಸ್ ಬಳಸುವವರ ಕೈ ಆಗ ತಟ್ಟನೆ ಹೋಗುವುದು ಕಡತ ಅಳಿಸುವ 'ಆರ್‌ಎಂ' ಆಜ್ಞೆಯತ್ತ. ಸೋಜಿಗವೆಂದರೆ, ಕಡತ ಮಾಯವಾದರೂ ಜಾಗ ಖಾಲಿಯಾಗದು. ಲಾಗ್ ಬರೆಯುವ ತಂತ್ರಾಂಶ ಅದನ್ನು ತೆರೆದಿಟ್ಟುಕೊಂಡೇ ಇರುತ್ತದೆ. ಹೆಸರು ಅಳಿದರೂ ಒಡಲು ಉಳಿಯುತ್ತದೆ. ಇದಕ್ಕೆ ಮದ್ದು 'ಟ್ರಂಕೇಟ್' ಆಜ್ಞೆ. ಕಡತವನ್ನು ಇದ್ದಲ್ಲೇ ಬಿಟ್ಟು ಅದರ ಅಳತೆಯನ್ನು ಸೊನ್ನೆಗೆ ಇಳಿಸಿದರೆ ಜಾಗವೂ ಸಿಕ್ಕಿತು, ಬರವಣಿಗೆಯೂ ಮುಂದುವರಿಯಿತು.

ಆದರೆ ಹೀಗೆ ಒರೆಸಿಹಾಕುವುದು ಜಾಣತನವೇ? 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಗೆ ಗಣಕಯಂತ್ರದ ಲೆಕ್ಕದಲ್ಲಿ ಬರೀ 75 ಸೆಂಟ್ಸ್ ವ್ಯತ್ಯಾಸ ಕಂಡಿತು. ಅದರ ಬೆನ್ನು ಹತ್ತಿದವನು ಕೊನೆಗೆ ತಲುಪಿದ್ದು ಪಶ್ಚಿಮ ಜರ್ಮನಿಯಲ್ಲಿ ಕುಳಿತು ಸೋವಿಯತ್ ಗೂಢಚಾರರಿಗೆ ಮಾಹಿತಿ ಮಾರುತ್ತಿದ್ದ ಕಳ್ಳನನ್ನು. ದಾಖಲೆಗಳು ಅಳಿದಿದ್ದರೆ ಆ ಕಳ್ಳ ಸಿಗುತ್ತಿದ್ದನೇ?

ನಮ್ಮಲ್ಲಿ ಕಾನೂನಿನ ಮಾತೂ ಇದೆ. ಸರ್ಕಾರಿ ಕಚೇರಿಗಳು, ಕಂಪನಿಗಳು, ಇಂಟರ್‌ನೆಟ್ ಸೇವೆ ಕೊಡುವವರು ಲಾಗ್‌ಗಳನ್ನು 180 ದಿನ ಕಾಪಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿತು. ಹಳೆಯ ಲಾಗ್‌ಗಳನ್ನು ಸರದಿಯಂತೆ ಕಟ್ಟಿಟ್ಟು ತೀರಾ ಹಳೆಯದನ್ನು ಬಿಸಾಡುವ 'ಲಾಗ್‌ರೊಟೇಟ್' ಲಿನಕ್ಸ್‌ನಲ್ಲೇ ಉಂಟು. ಆದರೆ ಹಲವೆಡೆ ಅದು ಉಳಿಸುವುದು ನಾಲ್ಕು ವಾರದ ಪ್ರತಿಗಳನ್ನಷ್ಟೇ. ವಾರಕ್ಕೊಂದರಂತೆ ಕನಿಷ್ಠ 26 ಪ್ರತಿಗಳಿಗೆ ಅದನ್ನು ಏರಿಸದಿದ್ದರೆ 180 ದಿನದ ಲೆಕ್ಕ ತುಂಬದು.

ಆದ್ದರಿಂದ ಕ್ರಮ ಇಷ್ಟೇ: ಜಾಗ ತಿಂದದ್ದು ಯಾವ ಕಡತವೆಂದು ಮೊದಲು ನೋಡಿ. ಅದನ್ನು ಕುಗ್ಗಿಸಿ ಬೇರೆ ಡಿಸ್ಕಿಗೆ ನಕಲು ಮಾಡಿ. ನಕಲು ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ಸೊನ್ನೆಗೆ ಇಳಿಸುವುದು ಆಮೇಲೆ.